ವೀಣೆ ಕಲಿಯಲು ಮೈಸೂರಿಗೆ ಬರುವವರಿಗೆ

ಕೇಳುಗರಿಗೆ ನಮಸ್ಕಾರ.

ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗದ ಹೆಸರು ಕೇಳಿ ಮೈಸೂರಿನ ಗೋಕುಲಂ ಬಡಾವಣೆಗೆ ಬರುವ ವಿದೇಶೀಯರು ನಮಗೆ ಹೊಸಬರಲ್ಲ. ಬೆಳಗಿನ ಜಾವ ಆಸನ ಮುಗಿಸಿದ ಅವರಲ್ಲಿ ಕೆಲವರು ಸಂಜೆ ಇನ್ನೊಂದು ಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ, ವೀಣೆ ಕಲಿಸುತ್ತೀರಾ ಎಂದು ಕೇಳುತ್ತಾರೆ. ಶೇಷಣ್ಣ, ಸುಬ್ಬಣ್ಣ, ವೆಂಕಟಗಿರಿಯಪ್ಪ, ದೊರೆಸ್ವಾಮಿ ಅಯ್ಯಂಗಾರ್ ಅವರು ನುಡಿಸಿದ ಊರಿನಲ್ಲಿ ಈ ಕೋರಿಕೆ ತೀರ ಸಹಜ. ಇಂದಿನ ಮಾತು ಆ ವಿದ್ಯಾರ್ಥಿಗಳ ಕುರಿತದ್ದು, ಜೊತೆಗೆ ಅವರಿಗೆ ಪಾಠ ಹೇಳುವ, ಕೋಣೆ ಬಾಡಿಗೆಗೆ ಕೊಡುವ ನಮ್ಮವರಿಗೂ ಸೇರಿದ್ದು.

ವೀಣೆಯನ್ನು ನುಡಿಸುವುದು ಕೈ, ಆದರೆ ಕಲಿಯುವುದು ಕಿವಿ ಮತ್ತು ಬಾಯಿ. ಹೊರದೇಶದಿಂದ ಬಂದವರು ಸಾಮಾನ್ಯವಾಗಿ ಕೈ ಮತ್ತು ಕಾಗದದಿಂದ ಆರಂಭಿಸುತ್ತಾರೆ. ಅವರು ಎದುರಿಸುವ ತೊಡಕುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟುತ್ತವೆ.

ಮೊದಲು ದಾಖಲೆಗಳ ವಿಷಯ ಮುಗಿಸಿಬಿಡೋಣ. ಆರು ತಿಂಗಳು ಮೀರದ, ಪದವಿ ಅಥವಾ ಡಿಪ್ಲೊಮಾ ಕೊಡದ ಅಲ್ಪಾವಧಿಯ ಕಲಿಕೆಗೆ ಇ-ಪ್ರವಾಸಿ ವೀಸಾದಲ್ಲಿ ಅವಕಾಶವಿದೆ. ಒಮ್ಮೆ ಬಂದರೆ ಎಷ್ಟು ದಿನ ಇರಬಹುದೆಂಬುದು ದೇಶದಿಂದ ದೇಶಕ್ಕೆ ಬೇರೆ, ಅದನ್ನು ಟಿಕೆಟ್ ತೆಗೆಯುವ ಮುನ್ನವೇ ನೋಡಿಕೊಳ್ಳಬೇಕು. ಆರು ತಿಂಗಳಿಗಿಂತ ಹೆಚ್ಚು ಕಾಲದ ಓದಿಗೆ ವಿದ್ಯಾರ್ಥಿ ವೀಸಾ ಬೇಕು, ಅದಕ್ಕೆ ಸಂಸ್ಥೆಯೊಂದರ ಪ್ರವೇಶ ಪತ್ರ ಬೇಕು. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಪ್ರವಾಸಿ ವೀಸಾದಲ್ಲಿ ಬಂದು, ಪಾಠ ರುಚಿಸಿದ ಮೇಲೆ ಇಲ್ಲೇ ಕುಳಿತು ವಿದ್ಯಾರ್ಥಿ ವೀಸಾ ಮಾಡಿಸಿಕೊಳ್ಳುತ್ತೇನೆಂದರೆ ಆಗದು, ತಮ್ಮ ದೇಶಕ್ಕೆ ಹಿಂದಿರುಗಿ ಅರ್ಜಿ ಹಾಕಬೇಕು. ಶಿಷ್ಯವೇತನ ಬೇಕೆಂದರೆ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿ ಇದೆ. 1950ರಲ್ಲಿ ಆರಂಭವಾದ ಈ ಸಂಸ್ಥೆಯನ್ನು ಎಲ್ಲರೂ ಐಸಿಸಿಆರ್ ಎಂದೇ ಕರೆಯುತ್ತಾರೆ. ಸಂಗೀತ, ನೃತ್ಯ ಕಲಿಯುವವರಿಗೂ ಅದು ಶಿಷ್ಯವೇತನ ಕೊಡುತ್ತದೆ, ಅರ್ಜಿ ಆನ್‌ಲೈನ್‌ನಲ್ಲಿ.

180 ದಿನಕ್ಕಿಂತ ಹೆಚ್ಚು ಅವಧಿಯ ವಿದ್ಯಾರ್ಥಿ ವೀಸಾ ಇರುವವರು ಬಂದ 14 ದಿನದೊಳಗೆ ವಿದೇಶೀಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. ಮನೆ ಕೊಡುವವರು ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ವಿದೇಶೀಯರು ನಿಮ್ಮಲ್ಲಿ ಉಳಿದುಕೊಂಡರೆ 24 ಗಂಟೆಯೊಳಗೆ ಆ ವಿಷಯ ತಿಳಿಸುವ, ಹಿಂದೆ ಫಾರ್ಮ್ ಸಿ ಎನ್ನುತ್ತಿದ್ದ ಫಾರ್ಮನ್ನು ಆನ್‌ಲೈನ್‌ನಲ್ಲಿ ತುಂಬುವ ಹೊಣೆ ನಿಮ್ಮದು, ಅತಿಥಿಯದಲ್ಲ. ಬಾಡಿಗೆ ತೆಗೆದುಕೊಳ್ಳದೆ, ಶಿಷ್ಯನೆಂದು ಪ್ರೀತಿಯಿಂದ ಮನೆಯಲ್ಲಿ ಇಟ್ಟುಕೊಂಡರೂ ಈ ನಿಯಮ ತಪ್ಪದು. ಇದನ್ನು ಬಿಟ್ಟರೆ ಮುಂದೆ ವಿದ್ಯಾರ್ಥಿಯ ನೋಂದಣಿ ವಾಸದ ಪುರಾವೆ ಇಲ್ಲವೆಂದು ನಿಂತುಹೋಗುತ್ತದೆ, ಪಾಠದ ದಿನಗಳು ಕಚೇರಿ ಅಲೆಯುವುದರಲ್ಲಿ ಕಳೆಯುತ್ತವೆ.

ಇನ್ನು ವೀಣೆಯ ಬಳಿಗೆ ಬರೋಣ.

ಮೊದಲ ಪರೀಕ್ಷೆ ಮಂಡಿಯದು. ಕುರ್ಚಿಯ ಮೇಲೆ ಬೆಳೆದವರಿಗೆ ಚಕ್ಕಳಮಕ್ಕಳ ಹಾಕಿ ಅರ್ಧ ಗಂಟೆ ಕೂರುವುದೇ ಕಷ್ಟ. ಕಾಲು ಜೋಮು ಹಿಡಿದಾಗ ಅವರು ಮೈ ಹೊರಳಿಸುತ್ತಾರೆ, ವೀಣೆಯೂ ಹೊರಳುತ್ತದೆ, ಬೆರಳು ಜಾರುತ್ತದೆ. ಸೊಂಟದ ಕೆಳಗೆ ಮೂರು ಅಂಗುಲ ದಪ್ಪದ ದಿಂಬು ಹಾಕಿದರೆ ಮಂಡಿ ನೆಲಕ್ಕೆ ಇಳಿಯುತ್ತದೆ. ಆದರೆ ಕೂತವರು ಮೇಲೇರಿದಾಗ ಬಲಗಡೆ ನೆಲದ ಮೇಲಿರುವ ಕೊಡ, ಅಂದರೆ ವೀಣೆಯ ದುಂಡನೆಯ ಮರದ ಭಾಗ, ಕೆಳಗೇ ಉಳಿಯುತ್ತದೆ, ವೀಣೆ ಬಲಕ್ಕೆ ಇಳಿಜಾರಾಗುತ್ತದೆ. ಹಾಗಾಗಿ ಕೊಡದ ಕೆಳಗೂ ಅಷ್ಟೇ ಎತ್ತರಕ್ಕೆ ಕಂಬಳಿ ಮಡಿಸಿ ಇಡಬೇಕು. ಸೋರೆಬುರುಡೆ ಎಡತೊಡೆಯ ಮೇಲೆ ಆರಾಮವಾಗಿ ಕೂತಿದೆಯೇ ಎಂದು ನೋಡಿಕೊಳ್ಳಬೇಕು. ಮೊದಲ ತಿಂಗಳು ಒಂದೇ ಸಲ ಗಂಟೆಗಟ್ಟಲೆ ಕೂರುವುದಕ್ಕಿಂತ ದಿನಕ್ಕೆ ಮೂರು ಸಲ ಇಪ್ಪತ್ತಿಪ್ಪತ್ತು ನಿಮಿಷ ಕೂರುವುದು ಲೇಸು.

ಎರಡನೆಯದು ಎಡಗೈ. ಗಿಟಾರ್ ನುಡಿಸಿ ಬಂದವರಿಗೆ ಇದು ಸುಲಭವೆಂದು ತೋರುತ್ತದೆ, ನಿಜವಾಗಿ ಅವರಿಗೇ ಹೆಚ್ಚು ಕಷ್ಟ. ಗಿಟಾರಿನಲ್ಲಿ ತಂತಿಯನ್ನು ಮರಕ್ಕೆ ತಾಗುವಂತೆ ಒತ್ತುತ್ತಾರೆ. ವೀಣೆಯ ಹಿತ್ತಾಳೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರದಲ್ಲಿ ನಿಂತಿವೆ, ತಂತಿಯ ಕೆಳಗೆ ಬರೀ ಗಾಳಿ. ಗಿಟಾರಿನ ಬಲ ಹಾಕಿದರೆ ತಂತಿ ಬಾಗಿ ಸ್ವರ ಏರಿಬಿಡುತ್ತದೆ. ವಿದ್ಯಾರ್ಥಿ ವೀಣೆಯ ಶ್ರುತಿ ಸರಿಯಿಲ್ಲ ಎನ್ನುತ್ತಾನೆ, ತಂತಿ ಬಿಗಿಮಾಡುವ ಬಿರಡೆ ತಿರುಗಿಸುತ್ತಾನೆ. ತಪ್ಪು ಬಿರಡೆಯದಲ್ಲ, ಒತ್ತಡದ್ದು. ಬೆರಳು ಸರಿಯಾಗಿ ಮೆಟ್ಟಿಲಿನ ಮೇಲಿದ್ದು, ನಾದ ಸ್ಪಷ್ಟವಾಗಲು ಬೇಕಾದಷ್ಟೇ ಒತ್ತಬೇಕು. ಗಿಟಾರಿನ ನಾಲ್ಕು ಬೆರಳಿನ ಅಭ್ಯಾಸವನ್ನೂ ಬಿಡಬೇಕು, ಇಲ್ಲಿ ಕೆಲಸ ತೋರುಬೆರಳು ಮತ್ತು ನಡುಬೆರಳಿಗೆ. ತುದಿಯಲ್ಲಿ ಗೆರೆ ಬಿದ್ದು ಚರ್ಮ ಗಟ್ಟಿಯಾಗಲು ಕೆಲವು ವಾರ ಬೇಕು. ಜಾರಲು ಅನುಕೂಲವಾಗಲೆಂದು ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಸಾಕು, ಹೆಚ್ಚಾದರೆ ಮೆಟ್ಟಿಲ ಸಂದಿನಲ್ಲಿ ಧೂಳು ಕಟ್ಟುತ್ತದೆ.

ಬಲಗೈಯ ಎರಡು ಬೆರಳುಗಳು ನುಡಿಸುವ ನಾಲ್ಕು ತಂತಿಗಳನ್ನು ಕೆಳಮುಖವಾಗಿ ಮೀಟುತ್ತವೆ. ಪಕ್ಕದ ಮೂರು ತಾಳದ ತಂತಿಗಳನ್ನು ಕಿರುಬೆರಳು ಮೇಲ್ಮುಖವಾಗಿ ಮೀಟುತ್ತದೆ. ಹೊಸಬರು ತಾಳದ ತಂತಿಯನ್ನು ನಂತರ ನೋಡಿಕೊಳ್ಳೋಣವೆಂದು ಬಿಡುತ್ತಾರೆ. ಹಾಗೆ ಬಿಟ್ಟವರ ಕಿರುಬೆರಳು ವರ್ಷ ಕಳೆದರೂ ಲಯಕ್ಕೆ ಒಗ್ಗದು. ಸರಳೆ ವರಸೆ ಎಂಬ ಮೊಟ್ಟಮೊದಲ ಸ್ವರಾಭ್ಯಾಸದಿಂದಲೇ ಅದನ್ನು ಜೊತೆಗೆ ಕರೆದೊಯ್ಯಬೇಕು.

ಸರಳೆಯನ್ನು ಮಾಯಾಮಾಳವಗೌಳದಲ್ಲಿ ಕಲಿಸುವ ಕ್ರಮವನ್ನು ನಾವು ಪುರಂದರದಾಸರಿಗೆ ಸಲ್ಲಿಸುತ್ತೇವೆ. ವೀಣೆಯ ಮೇಲೆ ಆ ರಾಗವನ್ನು ಇಟ್ಟು ನೋಡಿದರೆ ಆ ಆಯ್ಕೆಯ ಸೊಗಸು ಕಣ್ಣಿಗೇ ಕಾಣುತ್ತದೆ. ಬಿಟ್ಟ ತಂತಿ ಷಡ್ಜ, ಒಂದನೆಯ ಮೆಟ್ಟಿಲು ರಿಷಭ, ನಾಲ್ಕನೆಯದು ಗಾಂಧಾರ, ಐದು ಮಧ್ಯಮ. ಏಳನೆಯದು ಪಂಚಮ, ಎಂಟು ಧೈವತ, ಹನ್ನೊಂದು ನಿಷಾದ, ಹನ್ನೆರಡು ಮೇಲಿನ ಷಡ್ಜ. ಕೆಳಗಿನ ಅರ್ಧದ ಅಂತರಗಳೇ ಮೇಲಿನ ಅರ್ಧದಲ್ಲಿ ಮತ್ತೆ ಬರುತ್ತವೆ, ಕೈ ಒಮ್ಮೆ ಕಲಿತದ್ದನ್ನು ಇನ್ನೊಮ್ಮೆ ಬಳಸುತ್ತದೆ. ಇದನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹಾಡುತ್ತ ನುಡಿಸಬೇಕು. ಹಾಡುತ್ತ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ನನ್ನ ಕಂಠ ಚೆನ್ನಾಗಿಲ್ಲ, ನಾನು ವಾದ್ಯಕ್ಕಾಗಿ ಬಂದವಳು ಎಂದು ವಿದ್ಯಾರ್ಥಿನಿ ಸಂಕೋಚಪಟ್ಟರೂ ಗುರುಗಳು ಬಿಡಬಾರದು. ಬಾಯಲ್ಲಿ ನಿಲ್ಲದ ಸ್ವರ ಬೆರಳಿನಲ್ಲಿ ನಿಲ್ಲುವುದಿಲ್ಲ.

ಮುಂದಿನದು ಸ್ವರಗಳನ್ನು ಜೋಡಿಯಾಗಿ ನುಡಿಸುವ ಜಂಟಿ ವರಸೆ, ಆಮೇಲೆ ಏಳು ತಾಳಗಳ ಸ್ವರಾಭ್ಯಾಸವಾದ ಅಲಂಕಾರ. ಧ್ರುವ 14 ಅಕ್ಷರ, ಮಠ್ಯ 10, ರೂಪಕ 6, ಝಂಪೆ 10, ತ್ರಿಪುಟ 7, ಅಟ್ಟ 14, ಏಕ 4. ಪಾಶ್ಚಾತ್ಯ ಸಂಗೀತ ಓದಿದವರಿಗೆ ಏಳರ ಎಣಿಕೆ ಹೊಸತೇನಲ್ಲ, ಆದರೆ ಅವರು ಮನಸ್ಸಿನಲ್ಲಿ ಎಣಿಸುತ್ತಾರೆ. ಇಲ್ಲಿ ಎಣಿಕೆ ಕೈಯ ಕೆಲಸ, ತಟ್ಟು, ಬೆರಳೆಣಿಕೆ, ಬೀಸು. ವೀಣೆ ಹಿಡಿದ ಮೇಲೆ ತಾಳ ಹಾಕಲು ಕೈ ಖಾಲಿ ಇರದು. ಅದಕ್ಕೇ ಪ್ರತಿ ಪಾಠವನ್ನೂ ವೀಣೆ ಬದಿಗಿಟ್ಟು, ತಾಳ ಹಾಕಿ, ಹಾಡಿ ಒಪ್ಪಿಸಿದ ಬಳಿಕವೇ ವಾದ್ಯಕ್ಕೆ ತರಬೇಕು.

ನಂತರ ಮಲಹರಿ ರಾಗದ ಪಿಳ್ಳಾರಿ ಗೀತೆಗಳು, ಹೊಸಬರು ಕಲಿಯುವ ಮೊದಲ ಹಾಡುಗಳು. ಭಾಷೆ ಪ್ರವೇಶಿಸುವುದು ಇಲ್ಲಿ. ಸಾಹಿತ್ಯದ ಅಕ್ಷರ ಎಲ್ಲಿ ಬೀಳುತ್ತದೆಯೋ ಅಲ್ಲಿ ವೀಣೆಯ ಮೀಟು ಬೀಳಬೇಕು. ದೀರ್ಘಾಕ್ಷರ ನಾಲ್ಕು ಸ್ವರಗಳ ಮೇಲೆ ಹರಿದರೆ ಮೊದಲ ಸ್ವರಕ್ಕೆ ಮಾತ್ರ ಮೀಟು, ಉಳಿದ ಮೂರು ಎಡಗೈಯ ಜಾರಿನಲ್ಲಿ ಬರಬೇಕು. ಸಾಹಿತ್ಯ ಗೊತ್ತಿಲ್ಲದ ವಿದ್ಯಾರ್ಥಿ ನಾಲ್ಕಕ್ಕೂ ಮೀಟುತ್ತಾನೆ. ಸ್ವರ ಸರಿ, ತಾಳ ಸರಿ, ಆದರೂ ಕೇಳುವವರಿಗೆ ಪದ ತುಂಡುತುಂಡಾಗಿ ಬಿದ್ದಂತೆ ಕೇಳಿಸುತ್ತದೆ. ಆದ್ದರಿಂದ ಬಂದ ಮೊದಲ ಮೂರು ತಿಂಗಳಲ್ಲಿ ಕನ್ನಡ ಅಕ್ಷರ ಕಲಿಯುವುದು ವೀಣೆಯ ಪಾಠದ್ದೇ ಭಾಗ. ರೋಮನ್ ಲಿಪಿಯಲ್ಲಿ ಬರೆದುಕೊಂಡಾಗ ಮೊದಲು ಕಳೆದುಹೋಗುವುದು ಹ್ರಸ್ವ ದೀರ್ಘಗಳ ವ್ಯತ್ಯಾಸ, ಮೀಟಿಗೆ ಬೇಕಾದದ್ದು ಅದೇ. ದಾಸರ ಪದಗಳು ಕನ್ನಡದಲ್ಲೇ ಇವೆ. ತೆಲುಗು, ಸಂಸ್ಕೃತ ಕೃತಿಗಳನ್ನೂ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬಹುದು.

ಸಾಹಿತ್ಯಕ್ಕೆ ಇಷ್ಟು ಬೆಲೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಹಾಡುಗಾರಿಕೆಯಲ್ಲಿ ಒಂದು ದೊಡ್ಡ ಉದಾಹರಣೆಯಿದೆ. ಅಮೆರಿಕದ ಜಾನ್ ಹಿಗ್ಗಿನ್ಸ್ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಕರ್ನಾಟಕ ಸಂಗೀತಕ್ಕೆ ಒಲಿದು, ಟಿ. ವಿಶ್ವನಾಥನ್ ಅವರಲ್ಲಿ ಕಲಿತು, ಮದರಾಸಿಗೆ ಬಂದು ಸಾಧನೆ ಮಾಡಿದವರು. ಅವರ ಉಚ್ಚಾರಣೆ ಎಷ್ಟು ಶುದ್ಧವಾಗಿತ್ತೆಂದರೆ ರಸಿಕರು ಅವರನ್ನು ಹಿಗ್ಗಿನ್ಸ್ ಭಾಗವತರ್ ಎಂದೇ ಕರೆದರು. 1984ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಐವತ್ತು ತುಂಬಿರಲಿಲ್ಲ.

ಗಮಕಕ್ಕೆ, ಅಂದರೆ ಸ್ವರವನ್ನು ತೂಗಿ ಜಾರಿಸಿ ನುಡಿಸುವ ಬಗೆಗೆ, ಬಂದಾಗ ಕಾಗದ ಪೂರ್ತಿ ಸೋಲುತ್ತದೆ. ಪಿಯಾನೋ ಕಲಿತವರಿಗೆ ಶಂಕರಾಭರಣದ ಆರೋಹಣ ತೋರಿಸಿದರೆ, ಇದು ನಮ್ಮ ಮೇಜರ್ ಸ್ಕೇಲ್ ಎಂದು ಸಂತೋಷಪಡುತ್ತಾರೆ. ಸ್ವರಸ್ಥಾನ ಮಟ್ಟಿಗೆ ನಿಜ. ಆದರೆ ಏಳು ಸ್ವರಗಳನ್ನೂ ನೆಟ್ಟಗೆ ನಿಲ್ಲಿಸಿ ನುಡಿಸಿದರೆ ಶಂಕರಾಭರಣ ಬರುವುದಿಲ್ಲ. ತೋಡಿಯಲ್ಲಂತೂ ಗಾಂಧಾರದ ಮೆಟ್ಟಿಲ ಮೇಲೆ ಬೆರಳಿಟ್ಟು ಸುಮ್ಮನೆ ನಿಂತರೆ ರಾಗವೇ ಇಲ್ಲ. ಕೆಳಗಿನ ಮೆಟ್ಟಿಲಲ್ಲಿ ಒತ್ತಿ, ತಂತಿಯನ್ನು ಪಕ್ಕಕ್ಕೆ ಮಧ್ಯಮದವರೆಗೆ ಎಳೆದು, ಮತ್ತೆ ಸಡಿಲಿಸುವ ಆ ತೂಗಾಟವೇ ತೋಡಿಯ ಗಾಂಧಾರ. ಪುಸ್ತಕದಲ್ಲಿ ಅದಕ್ಕಿರುವುದು ಗ ಎಂಬ ಒಂದೇ ಅಕ್ಷರ. ಹಾಗೆಂದು ಹೆದರಿ ಎಲ್ಲ ಸ್ವರಗಳನ್ನೂ ಅಲುಗಿಸುವುದು ಇನ್ನೊಂದು ತಪ್ಪು. ಮೈಸೂರು ಬಾನಿಯಲ್ಲಿ, ಅಂದರೆ ಇಲ್ಲಿಯ ನುಡಿಸುವ ಶೈಲಿಯಲ್ಲಿ, ಎಳೆತ ಮಿತ, ಮೀಟು ಸ್ಪಷ್ಟ, ಎಡಗೈಯ ಎರಡು ಬೆರಳುಗಳನ್ನು ಬಿಡಿಸಿ ನುಡಿಸುವುದು ಹೆಚ್ಚು. ಈ ಕಾರಣಕ್ಕೆ ಹೊಸಬರಿಗೆ ಈ ಬಾನಿ ಒಳ್ಳೆಯ ಶಿಕ್ಷಕ ಎಂಬುದು ನನ್ನ ಅಭಿಪ್ರಾಯ, ಗದ್ದಲದಲ್ಲಿ ತಪ್ಪು ಮುಚ್ಚಿಕೊಳ್ಳಲು ಅದು ಬಿಡುವುದಿಲ್ಲ.

ಮೊಬೈಲಿನ ಟ್ಯೂನರ್ ಆಪ್ ಬಗ್ಗೆ ಒಂದು ಎಚ್ಚರಿಕೆ. ಅದು ಪಿಯಾನೋದ ಲೆಕ್ಕದಲ್ಲಿ ಸ್ವರಗಳ ಅಂತರ ಅಳೆಯುವ ಸೆಂಟ್ ಎಂಬ ಮಾನದಲ್ಲಿ ಪ್ರತಿ ಅರ್ಧಸ್ವರಕ್ಕೂ ಸಮನಾಗಿ 100 ಹಂಚುತ್ತದೆ. ತಂಬೂರಿಯ ಷಡ್ಜದೊಳಗಿನಿಂದ ತಾನಾಗಿ ಕೇಳಿಬರುವ ಅಂತರ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಕೆಳಗಿದೆ. ಆಪ್ ನಂಬಿ ಮೆಟ್ಟಿಲುಗಳನ್ನು ಸರಿಸಿದ ವೀಣೆ ತಂಬೂರಿಯೊಂದಿಗೆ ಜಗಳವಾಡುತ್ತದೆ. ಷಡ್ಜ ಹಿಡಿಯಲು ಆಪ್ ಸಾಕು, ಉಳಿದದ್ದನ್ನು ಕಿವಿಗೆ ಬಿಡಬೇಕು.

ಪಾಠದ ಶುಲ್ಕವನ್ನು ಮೊದಲ ದಿನವೇ ಬಾಯಿಬಿಟ್ಟು ಮಾತಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ಗುರುಗಳು ಸಂಕೋಚದಿಂದ ಹೇಳದೆ, ಶಿಷ್ಯ ತಿಳಿಯದೆ ಕೊಡದೆ, ಒಳಗೊಳಗೇ ಬೇಸರ ಬೆಳೆಯುವುದುಂಟು. ಧ್ವನಿಮುದ್ರಣಕ್ಕೂ ಮೊದಲು ಅನುಮತಿ ಕೇಳಬೇಕು. ಪಾಠ ಬಾಯಿಗೆ ಬಂದ ಮೇಲೆ, ಕೊನೆಯ ಐದು ನಿಮಿಷ ಮುದ್ರಿಸಿಕೊಂಡರೆ ಸಾಕು. ಆರಂಭದಿಂದಲೇ ಮುದ್ರಿಸಿದರೆ, ಆಮೇಲೆ ಕೇಳಿದರಾಯಿತೆಂದು ಕಿವಿ ಸೋಮಾರಿಯಾಗುತ್ತದೆ. ದಸರೆಯಲ್ಲಿ ಸರಸ್ವತಿ ಪೂಜೆಗೆ ವೀಣೆ ಇಟ್ಟ ಮೇಲೆ ನುಡಿಸುವುದಿಲ್ಲ, ವಿಜಯದಶಮಿಗೆ ಮತ್ತೆ ಪಾಠ ಶುರು. ದಸರೆ ನೋಡಲು ಒಂದೇ ವಾರಕ್ಕೆ ಬಂದು ಪಾಠವನ್ನೂ ಮುಗಿಸುತ್ತೇನೆ ಎನ್ನುವವರಿಗೆ ಇದು ಮೊದಲೇ ತಿಳಿದಿರಲಿ. ಬೇಸಿಗೆಯಲ್ಲಿ ಇರುವವರು ಬೆಂಗಳೂರಿನ ರಾಮನವಮಿ ಸಂಗೀತೋತ್ಸವಗಳನ್ನು ತಪ್ಪಿಸಬಾರದು. ಚಾಮರಾಜಪೇಟೆಯ ರಾಮಸೇವಾ ಮಂಡಳಿಯ ಉತ್ಸವ 1939ರಿಂದ ನಡೆದು ಬಂದಿದೆ.

ಊರಿಗೆ ಹೊರಡುವಾಗ ವೀಣೆಯನ್ನೂ ಒಯ್ಯುವವರಿಗೆ ನಾಲ್ಕು ಮಾತು. ನೂರು ವರ್ಷ ದಾಟಿದ ವೀಣೆಯನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಆನೆದಂತದ ಕುಸುರಿಯಿದ್ದರೆ ಇಷ್ಟು ಹಳೆಯದಲ್ಲದಿದ್ದರೂ ಸಿಕ್ಕಿಬೀಳುತ್ತೀರಿ. ಹೊಸ ವೀಣೆಯನ್ನೇ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ಸೋರೆಬುರುಡೆಯನ್ನು ಬಿಚ್ಚಿ ಬೇರೆ ಕಟ್ಟಿ, ತಂತಿಗಳನ್ನು ಎರಡು ಮೂರು ಸ್ವರದಷ್ಟು ಸಡಿಲಿಸಿ, ತಂತಿಗಳನ್ನು ಹೊರುವ ಕುದುರೆಯ ಸುತ್ತ ಹತ್ತಿ ತುಂಬಿ, ಗಟ್ಟಿ ಪೆಟ್ಟಿಗೆಯಲ್ಲಿ ಇಡಿ. ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಮೇಣ ಮೆತ್ತಗಾಗಿ ಮೆಟ್ಟಿಲುಗಳು ವಾಲುತ್ತವೆ. ಚಳಿದೇಶದಲ್ಲಿ ಅದೇ ಮೇಣ ಪೆಡಸಾಗಿ ಮೆಟ್ಟಿಲು ಕಿತ್ತು ಬರುತ್ತದೆ. ಹೀಟರ್ ಹಾಕಿದ ಮನೆಯ ಒಣಗಾಳಿಗೆ ಹಲಸಿನ ಮರ ಕುಗ್ಗಿ ಬೆಸುಗೆಯಲ್ಲಿ ಬಿರುಕು ಬಿಡುತ್ತದೆ. ಕೋಣೆಯ ತೇವಾಂಶ 45ರಿಂದ 55 ಶೇಕಡಾ ಇರುವಂತೆ ನೋಡಿಕೊಳ್ಳಬೇಕು. ಮೇಳ ಕಟ್ಟುವವರು, ಅಂದರೆ ಮೆಟ್ಟಿಲುಗಳನ್ನು ಶ್ರುತಿಗೆ ಕೂರಿಸುವವರು, ಅಲ್ಲಿ ಸಿಗುವುದು ಅಪರೂಪ. ಕಾಯಿಸಿದ ಕಡ್ಡಿಯಿಂದ ಮೇಣ ಮೆದುಮಾಡಿ ಒಂದೇ ಒಂದು ಮೆಟ್ಟಿಲನ್ನಾದರೂ ಶ್ರುತಿಗೆ ಕೂರಿಸುವುದನ್ನು ಇಲ್ಲಿಯ ಕುಶಲಕರ್ಮಿಯ ಬಳಿ ಕುಳಿತು ಕಲಿತು, ಸ್ವಲ್ಪ ಮೇಣವನ್ನೂ ಜೊತೆಗೆ ಒಯ್ಯಿರಿ.

ಪಾಠ ಮುಂದುವರಿಸಲು ವೀಡಿಯೊ ಕರೆ ಇದೆ. ಆದರೆ ಅದರ ತಂತ್ರಾಂಶ ತಂಬೂರಿಯ ಶ್ರುತಿಯನ್ನು ಹಿನ್ನೆಲೆಯ ಗದ್ದಲವೆಂದು ಅಳಿಸಿಹಾಕುತ್ತದೆ. ಸೆಟ್ಟಿಂಗ್‌ನಲ್ಲಿ ಗದ್ದಲ ತಗ್ಗಿಸುವ ಆಯ್ಕೆಯನ್ನು ಎರಡೂ ಕಡೆ ನಿಲ್ಲಿಸಿಬಿಡಬೇಕು. ದನಿ ತಡವಾಗಿ ತಲುಪುವುದರಿಂದ ಗುರು ಶಿಷ್ಯರು ಜೊತೆಯಲ್ಲಿ ನುಡಿಸಲಾಗದು, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ಮೈಸೂರಿನಲ್ಲಿ ಬೆಳಗಿನ 6 ಗಂಟೆಯಾದಾಗ ನ್ಯೂಯಾರ್ಕಿನಲ್ಲಿ ಹಿಂದಿನ ಸಂಜೆ, ಬೇಸಿಗೆಯಲ್ಲಿ 8.30, ಚಳಿಗಾಲದಲ್ಲಿ 7.30. ಅಲ್ಲಿ ಗಡಿಯಾರ ಬದಲಾಗುವ ವಾರ ಪಾಠದ ಸಮಯವನ್ನು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ.

ನಮಸ್ಕಾರ.