ಅಲಂಕಾರಿಕ ಮೀನುಗಳಿಗೆ ನಿಷೇಧವೇಕೆ?

ಕೇಳುಗರಿಗೆ ನಮಸ್ಕಾರ.

ಗಾಜಿನ ತೊಟ್ಟಿಯಲ್ಲಿ ಯಾರಿಗೂ ತೊಂದರೆ ಕೊಡದೆ ಈಜಾಡಿಕೊಂಡಿರುವ ಮೀನನ್ನು ಸರ್ಕಾರಗಳು ಏಕೆ ನಿಷೇಧಿಸುತ್ತವೆ ಎಂದು ಅಕ್ವೇರಿಯಂ ಪ್ರಿಯರು ಬೇಸರದಿಂದ ಕೇಳುವುದುಂಟು. ನಿಷೇಧವನ್ನು ತೀರ್ಮಾನಿಸುವವರು ತೊಟ್ಟಿಯೊಳಗಿನ ಅದರ ನಡತೆಯನ್ನು ನೋಡುವುದಿಲ್ಲ. ಅದು ಕೆರೆಯನ್ನೋ ಹೊಳೆಯನ್ನೋ ಸೇರಿದರೆ ಅಲ್ಲಿನ ಹವೆಯನ್ನು ತಾಳಿಕೊಂಡು, ಮರಿ ಮಾಡಿ, ಹಬ್ಬಬಲ್ಲದೇ ಎಂಬುದನ್ನು ನೋಡುತ್ತಾರೆ. ಬೆಚ್ಚನೆಯ ನೀರಿನ ಪ್ರದೇಶದಲ್ಲಿ ನಿಷೇಧಕ್ಕೊಳಗಾದ ಮೀನು ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಪ್ರದೇಶದಲ್ಲಿ ಸಲೀಸಾಗಿ ಮಾರಾಟವಾಗುವುದು ಇದೇ ಕಾರಣಕ್ಕೆ.

ಪಾಚಿ ತಿನ್ನುತ್ತದೆಂದು ಮಾರುವ ಸಕ್ಕರ್ ಮೀನನ್ನೇ ತೆಗೆದುಕೊಳ್ಳೋಣ. ದಕ್ಷಿಣ ಅಮೆರಿಕ ಮೂಲದ ಈ ಮೀನು ಕೊಳ್ಳುವಾಗ ಬೆರಳುದ್ದವಿದ್ದು, ಬೆಳೆದಾಗ ಒಂದಡಿಯನ್ನೂ ಮೀರುತ್ತದೆ. ತೊಟ್ಟಿ ಸಾಲದಾದಾಗ, ಕೊಲ್ಲಲು ಮನಸ್ಸು ಬಾರದೆ, ಸಾಕಿದವರು ಅದನ್ನು ಹತ್ತಿರದ ನೀರಿಗೆ ಬಿಟ್ಟುಬಿಡುತ್ತಾರೆ. ಆ ಕರುಣೆ ನನಗೆ ಅರ್ಥವಾಗುತ್ತದೆ, ಆದರೆ ಅದರ ಹೊರೆ ಬೀಳುವುದು ಆ ನೀರಿನ ಉಳಿದ ಜೀವಿಗಳ ಮೇಲೆ. ಮೈತುಂಬ ಎಲುಬಿನ ಗಡಸು ಫಲಕಗಳು, ಈಜುರೆಕ್ಕೆಗಳ ಮುಂಭಾಗದಲ್ಲಿ ಬಲವಾದ ಮುಳ್ಳುಗಳು. ನುಂಗಲು ಹೋದ ಹಕ್ಕಿಯ ಗಂಟಲಿಗೆ ಅದು ಸಿಕ್ಕಿಕೊಳ್ಳುತ್ತದೆ, ಬೆಸ್ತರ ಬಲೆಯನ್ನು ಹರಿಯುತ್ತದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿಯನ್ನು ನುಂಗಿ, ಹೊಟ್ಟೆಯ ಮೂಲಕವೇ ಉಸಿರಾಡಬಲ್ಲದು. ಮೊಟ್ಟೆಗಳಿಗಾಗಿ ದಡದ ಮಣ್ಣಿನಲ್ಲಿ ಅದು ಬಿಲ ತೋಡುತ್ತದೆ. ಬಿಲಗಳು ಹೆಚ್ಚಿದಂತೆ ದಡ ಕುಸಿದು ನೀರು ಕದಡುತ್ತದೆ.

ಸಮುದ್ರವೂ ಸುರಕ್ಷಿತವಲ್ಲ. ಅಕ್ವೇರಿಯಂಗಳಲ್ಲಿ ಸಾಕುವ, ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರ ಮೂಲದ ಲಯನ್‌ಫಿಶ್ 1985ರಲ್ಲಿ ಫ್ಲೋರಿಡಾ ಕರಾವಳಿಯಲ್ಲಿ ಕಾಣಿಸಿಕೊಂಡಿತು. ಈಗ ಕೆರಿಬಿಯನ್ ಸಮುದ್ರದ ಉದ್ದಗಲಕ್ಕೂ ಹರಡಿದೆ.

ಹಬ್ಬಿದ ಮೇಲೆ ಹಿಡಿದು ಮುಗಿಸಬಾರದೇ ಎನ್ನಬಹುದು. 2002ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕ್ರಾಫ್ಟನ್ ಎಂಬಲ್ಲಿನ ಕೊಳದಲ್ಲಿ ಏಷ್ಯಾದ ಸ್ನೇಕ್‌ಹೆಡ್ ಮೀನು ಮರಿ ಮಾಡಿದ್ದು ತಿಳಿದುಬಂತು. ಅಡುಗೆಗೆಂದು ಜೀವಂತವಾಗಿ ಕೊಂಡು, ಬಳಿಕ ಅಲ್ಲಿ ಬಿಟ್ಟಿದ್ದ ಮೀನುಗಳ ಸಂತತಿ ಅದು; ಇದೇ ಕುಲದ ಮೀನುಗಳು ಅಕ್ವೇರಿಯಂ ಅಂಗಡಿಗಳಲ್ಲೂ ಮಾರಾಟವಾಗುತ್ತಿದ್ದವು. ಅಧಿಕಾರಿಗಳು ಕೊಳಕ್ಕೆ ರೋಟಿನೋನ್ ವಿಷ ಬೆರೆಸಿದರು. ಸ್ನೇಕ್‌ಹೆಡ್‌ಗಳ ಜೊತೆಗೆ ಕೊಳದಲ್ಲಿದ್ದ ಬೇರೆ ಮೀನುಗಳೂ ಸತ್ತವು. ಅಂಥ ಕಠೋರ ಕ್ರಮ ಸಾಧ್ಯವಾದದ್ದು ಅದು ಪುಟ್ಟ ಕೊಳವಾಗಿದ್ದರಿಂದ. ಎರಡೇ ವರ್ಷದಲ್ಲಿ ಈ ಮೀನು ಪೊಟೊಮ್ಯಾಕ್ ನದಿಯಲ್ಲಿ ಸಿಕ್ಕಾಗ ಮಾಡುವಂಥದ್ದು ಹೆಚ್ಚೇನೂ ಇರಲಿಲ್ಲ, ಹರಿಯುವ ಮಹಾನದಿಗೆ ವಿಷ ಹಾಕಲಾದೀತೇ? ಇಂದಿಗೂ ಅದು ಅಲ್ಲಿಯೇ ಇದೆ.

ಒಂದೆರಡು ಮೀನು ಬಿಟ್ಟರೆ ಏನಾದೀತು ಎನ್ನುವವರು, ಮೀನಲ್ಲದಿದ್ದರೂ ಅಕ್ವೇರಿಯಂಗಳಲ್ಲಿ ಜನಪ್ರಿಯವಾಗಿದ್ದ ಮಾರ್ಬಲ್ಡ್ ಕ್ರೇಫಿಶ್ ಎಂಬ ಸಿಗಡಿಯಂಥ ಜೀವಿಯನ್ನು ಗಮನಿಸಬೇಕು. 1990ರ ದಶಕದಲ್ಲಿ ಜರ್ಮನಿಯ ಮಾರುಕಟ್ಟೆಯಲ್ಲಿ ಬೆಳಕಿಗೆ ಬಂದ ಈ ಜೀವಿಗಳೆಲ್ಲ ಹೆಣ್ಣೇ. ಗಂಡಿನ ನೆರವಿಲ್ಲದೆ ಸಂತಾನ ಪಡೆಯುತ್ತವೆ. ಹೀಗಾಗಿ ಒಂದೇ ಒಂದು ಹೊರಬಿದ್ದರೂ ಸಾಕು. ಐರೋಪ್ಯ ಒಕ್ಕೂಟ 2016ರಲ್ಲಿ ಇದನ್ನು ನಿಷೇಧಿತ ಪಟ್ಟಿಗೆ ಸೇರಿಸಿತು, ಆದರೆ ಅಷ್ಟರಲ್ಲಿ ಅದು ಹಲವು ಕೆರೆಗಳಿಗೆ ಇಳಿದಾಗಿತ್ತು.

ಈ ತಡವನ್ನು ತಪ್ಪಿಸಲೆಂದೇ ಆಸ್ಟ್ರೇಲಿಯವು ಅನುಮತಿ ಪಡೆದ ಪ್ರಭೇದಗಳ ಪಟ್ಟಿಯನ್ನು ಇಟ್ಟುಕೊಂಡಿದೆ. ಅದರಲ್ಲಿಲ್ಲದ ಜೀವಂತ ಮೀನಿಗೆ ದೇಶದೊಳಗೆ ಪ್ರವೇಶವಿಲ್ಲ. ಹವ್ಯಾಸಿಗಳ ಆಯ್ಕೆ ಇದರಿಂದ ಕುಗ್ಗುವುದು ನಿಜವಾದರೂ, ವ್ಯಾಪಾರವು ಹೊಸ ಹೊಸ ಪ್ರಭೇದಗಳನ್ನು ತರುತ್ತಲೇ ಇರುವಾಗ, ಒಂದೊಂದೂ ಹಾನಿ ಮಾಡಿದ ಮೇಲೆ ನಿಷೇಧಿಸುವುದಕ್ಕಿಂತ ಈ ಕ್ರಮವೇ ಸರಿಯೆಂದು ನಾನು ನಂಬಿದ್ದೇನೆ.