ಮೊದಲು ಬೂಟು ತೊಳೆಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ತೋಟದ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೇಳುತ್ತಿದ್ದೀರಿ, ಅಡುಗೆಮನೆಯಲ್ಲಿ ಕೈ ಕೆಲಸ ಮಾಡಿಕೊಂಡು ಕೇಳುತ್ತಿದ್ದೀರಿ, ನಾಳೆ ಮುಳ್ಳಯ್ಯನಗಿರಿಗೆ ಹೊರಡೋಣ ಎಂದುಕೊಂಡಿರುವ ಹುಡುಗ ಹುಡುಗಿಯರೂ ಇದ್ದೀರಿ. ಇವತ್ತು ನನ್ನ ಮಾತು ಜಾಸ್ತಿ ಇರುವುದು ಆ ಹುಡುಗ ಹುಡುಗಿಯರ ಜೊತೆಗೆ.

ನಾನು ಹಾಸನದಲ್ಲಿ 31 ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು. 2020ರ ಜನವರಿಯಲ್ಲಿ, ಕೊರೊನಾ ಬಂದು ಎಲ್ಲ ಬಾಗಿಲು ಹಾಕುವ ಮುಂಚೆ, ಮಗಳ ಜೊತೆ ಅಂಟಾರ್ಕ್ಟಿಕಾ ಕಡೆಗೆ ಹೋಗುವ ಹಡಗು ಹತ್ತಿದ್ದೆ. ಅದರ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಆಕಾಶವಾಣಿಯವರು ಕರೆದಿದ್ದಾರೆ.

ಊರಿನಲ್ಲಿ ಸಿಕ್ಕವರೆಲ್ಲ ಮೂರೇ ಪ್ರಶ್ನೆ ಕೇಳುತ್ತಾರೆ. ಎಷ್ಟು ಖರ್ಚಾಯಿತು ಅಕ್ಕ? ಚಳಿ ಹೇಗಿತ್ತು? ಪೆಂಗ್ವಿನ್ ಮುಟ್ಟಿದ್ರಾ? ಬೇಗ ಉತ್ತರ ಹೇಳಿ ಮುಗಿಸುತ್ತೇನೆ. ಖರ್ಚು ಜಾಸ್ತಿಯೇ, ನಿವೃತ್ತಿಯ ದುಡ್ಡಿನಲ್ಲಿ ದೊಡ್ಡ ಪಾಲು ಹೋಯಿತು. ಜನವರಿ ಅಲ್ಲಿ ಬೇಸಿಗೆ, ಚಳಿಗಿಂತ ಗಾಳಿ ಕಷ್ಟ. ಪೆಂಗ್ವಿನ್ ಮುಟ್ಟಲಿಲ್ಲ, ಮುಟ್ಟಬಾರದು. ಐದು ಮೀಟರ್ ದೂರ ನಿಲ್ಲಬೇಕು.

ಯಾರೂ ಕೇಳದ ಪ್ರಶ್ನೆ ಒಂದಿದೆ. ಬೂಟು ತೊಳೆದ್ರಾ? ನಾನು ಇವತ್ತು ಬಂದಿರುವುದು ಅದನ್ನು ಹೇಳುವುದಕ್ಕೆ.

ಅರ್ಜೆಂಟೀನಾ ದೇಶದ ದಕ್ಷಿಣದ ತುದಿಯಲ್ಲಿ ಉಶುವಾಯಾ ಎಂಬ ಊರಿದೆ. ಹಡಗು ಹೊರಡುವುದು ಅಲ್ಲಿಂದ. ಮೊದಲು ಫಾಕ್‌ಲೆಂಡ್ ದ್ವೀಪಗಳು, ಆಮೇಲೆ ಸೌತ್ ಜಾರ್ಜಿಯಾ ಎಂಬ ದ್ವೀಪ, ಕೊನೆಗೆ ಅಂಟಾರ್ಕ್ಟಿಕಾ. ಪೆಂಗ್ವಿನ್, ಸೀಲ್, ತಿಮಿಂಗಿಲ ನೋಡುವುದಕ್ಕೆ ಜನ ಹೋಗುತ್ತಾರೆ. ನಾನು ಹೋಗಿದ್ದು ಒಂದು ಹುಲ್ಲು ನೋಡುವುದಕ್ಕೆ. ಇಡೀ ಅಂಟಾರ್ಕ್ಟಿಕ ಖಂಡದಲ್ಲಿ ತಾನಾಗಿ ಬೆಳೆಯುವ, ಹೂ ಬಿಡುವ ಗಿಡಗಳು ಎರಡೇ ಎರಡು. ಒಂದು ಕೂದಲಿನಂಥ ಸಣ್ಣ ಹುಲ್ಲು. ಇನ್ನೊಂದು ಕಲ್ಲಿನ ಸಂದಿಯಲ್ಲಿ ಮೆತ್ತೆಯ ಹಾಗೆ ಕೂತಿರುವ ಪುಟ್ಟ ಗಿಡ. ಒಂದು ಖಂಡಕ್ಕೆ ಎರಡು ಗಿಡ! ನಮ್ಮ ಮನೆಯ ಹಿತ್ತಲಲ್ಲೇ ಐವತ್ತು ಜಾತಿ ಸಿಗುತ್ತವೆ. ಹಾಗಾಗಿ ಅಲ್ಲಿಗೆ ಮೂರನೆಯದೊಂದು ಹೋಗಿ ಬೇರು ಬಿಟ್ಟರೆ ಅದು ಸಣ್ಣ ವಿಷಯ ಅಲ್ಲ.

ಈಗ ನನ್ನ ಕಥೆ ಕೇಳಿ.

ಫಾಕ್‌ಲೆಂಡ್ ಬಿಟ್ಟ ಮೇಲೆ ಸೌತ್ ಜಾರ್ಜಿಯಾ ಸೇರುವವರೆಗೆ ಬರೀ ನೀರು. ಆ ಸಮುದ್ರದ ಮಧ್ಯೆ ಒಂದು ಮಧ್ಯಾಹ್ನ ಎಲ್ಲರನ್ನೂ ದೊಡ್ಡ ಹಾಲ್‌ಗೆ ಕರೆದರು. ಹೊರಗೆ ಹಾಕುವ ಬಟ್ಟೆ, ಟೋಪಿ, ಕೈಗವಸು, ಚೀಲ, ಕೋಲು, ಕ್ಯಾಮೆರಾ ಸ್ಟ್ಯಾಂಡು, ಎಲ್ಲ ತನ್ನಿ ಎಂದರು. ಹಾಲ್‌ನಲ್ಲಿ ಸಾಲಾಗಿ ವ್ಯಾಕ್ಯೂಮ್ ಕ್ಲೀನರ್ ಇಟ್ಟಿದ್ದರು. ಮೇಜಿನ ಮೇಲೆ ಟಾರ್ಚು, ಚಿಮಟ, ಪೇಪರ್ ಕ್ಲಿಪ್ಪು. ಜೇಬು ಒಳಹೊರಗೆ ಮಾಡಬೇಕು, ಮೂಲೆಯ ಧೂಳು ಎಳೆಯಬೇಕು. ಬೂಟಿನ ಅಟ್ಟೆಯ ಗೆರೆಗಳಲ್ಲಿ ಕೂತಿರುವ ಮಣ್ಣನ್ನು ಕ್ಲಿಪ್ಪಿನ ತುದಿಯಿಂದ ಕೆರೆಯಬೇಕು.

ನನ್ನ ಬೂಟು ಹೊಸದು. ಬಟ್ಟೆ ಹೊಸದು. ನಿಶ್ಚಿಂತೆಯಾಗಿ ಕೂತಿದ್ದೆ. ಹಡಗಿನ ಸಿಬ್ಬಂದಿಯ ಒಬ್ಬ ಹುಡುಗಿ, ನನ್ನ ವಿದ್ಯಾರ್ಥಿನಿಯರ ವಯಸ್ಸಿನವಳು, ನನ್ನ ಕ್ಯಾಮೆರಾ ಚೀಲ ತೆಗೆದುಕೊಂಡು ಅದರ ವೆಲ್ಕ್ರೋ ಪಟ್ಟಿಯನ್ನು ಪರ್ ಎಂದು ಬಿಚ್ಚಿದಳು. ಟಾರ್ಚು ಹಿಡಿದಳು. ಚಿಮಟದಲ್ಲಿ ಏನೋ ಹಿಡಿದು ಎಳೆದು, ಬಿಳಿ ಕಾಗದದ ಮೇಲೆ ಇಟ್ಟಳು.

ಭತ್ತಕ್ಕಿಂತ ಚಿಕ್ಕದು. ಒಣಗಿದ ಹೊಟ್ಟಿನ ಬಣ್ಣ. ಬುಡದಲ್ಲಿ ಸೂಜಿಯ ಹಾಗೆ ಎರಡು ಸಣ್ಣ ಮುಳ್ಳು. ನೋಡಿದ ತಕ್ಷಣ ನನಗೆ ಗೊತ್ತಾಯಿತು. ಉತ್ತರಾಣಿ.

ನಿಮಗೆಲ್ಲ ಗೊತ್ತಲ್ವಾ ಉತ್ತರಾಣಿ? ಗಣೇಶನ ಹಬ್ಬಕ್ಕೆ ಪತ್ರೆಯ ಜೊತೆ ಕಿತ್ತು ತರುತ್ತೇವೆ. ಹೊಲದ ಬದುವಿನಲ್ಲಿ ನಡೆದರೆ ಸೀರೆಯ ಅಂಚಿಗೆ, ಪಂಚೆಗೆ, ದನದ ಬಾಲಕ್ಕೆ ಅಂಟಿಕೊಂಡು ಬರುತ್ತದೆ. ಬೀಜ ಪ್ರಸಾರದ ಪಾಠಕ್ಕೆ 31 ವರ್ಷ ನಾನು ಕೊಟ್ಟ ಉದಾಹರಣೆ ಅದೇ. ಪ್ರಾಣಿಗಳ ಮೈಗೆ ಅಂಟಿ ದೂರ ಹೋಗುವ ಬೀಜ, ಉದಾಹರಣೆ ಉತ್ತರಾಣಿ ಎಂದು ಬೋರ್ಡಿನ ಮೇಲೆ ಬರೆದಿದ್ದೇನೆ. ಹೊರಡುವ ಹದಿನೈದು ದಿನ ಮುಂಚೆ ಅರಸೀಕೆರೆ ಕಡೆ ನಮ್ಮ ಹೊಲಕ್ಕೆ ಆ ಚೀಲ ಹಿಡಿದು ಹೋಗಿದ್ದೆ. ಅಲ್ಲಿಂದ ಬೆಂಗಳೂರು, ವಿಮಾನ, ಇನ್ನೊಂದು ವಿಮಾನ, ಹಡಗು. ಭೂಮಿಯ ಅರ್ಧ ಸುತ್ತು ಆ ಬೀಜ ನನ್ನ ಹೆಗಲ ಮೇಲೆ ಬಂದಿತ್ತು.

ಯಾವ ಗಿಡ ಎಂದು ಆ ಹುಡುಗಿ ಕೇಳಿದಳು. ಅಕಿರಾಂತಿಸ್ ಆಸ್ಪೆರಾ ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವಳು ಹೆಸರು ಬರೆದುಕೊಂಡು, ಬೀಜವನ್ನು ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಮುಚ್ಚಿದಳು. ಪಕ್ಕದಲ್ಲಿದ್ದ ಪ್ರಯಾಣಿಕರೊಬ್ಬರು ಕೇಳಿದರು, ಅಷ್ಟು ಚಳಿಯಲ್ಲಿ ಇದು ಹುಟ್ಟುತ್ತದಾ ಅಂತ. ಇದು ಹುಟ್ಟಲಿಕ್ಕಿಲ್ಲ. ಆದರೆ ಉತ್ತರಾಣಿ ಕೂತ ಜಾಗದಲ್ಲಿ ಊಟಿಯ ಹುಲ್ಲಿನ ಬೀಜವೂ ಕೂರುತ್ತದೆ, ಯುರೋಪಿನ ಹುಲ್ಲಿನ ಬೀಜವೂ ಕೂರುತ್ತದೆ. ಚಳಿ ತಡೆಯುವ ಅಂಥ ಹುಲ್ಲು ಹುಟ್ಟಬಹುದು. ಹುಟ್ಟಿದೆ ಕೂಡ. ಅಂಟಾರ್ಕ್ಟಿಕಾ ಪಕ್ಕದ ಕಿಂಗ್ ಜಾರ್ಜ್ ದ್ವೀಪದಲ್ಲಿ ಒಂದು ಸಂಶೋಧನಾ ಕೇಂದ್ರದ ಸುತ್ತ 1980ರ ದಶಕದಲ್ಲೇ ಹೊರಗಿನ ಹುಲ್ಲು ಕಾಣಿಸಿಕೊಂಡಿತು. ಕಿತ್ತು ಕಿತ್ತು ಸಾಕಾಗಿದ್ದಾರೆ. 2007-08ರಲ್ಲಿ ವಿಜ್ಞಾನಿಗಳು ಅಂಟಾರ್ಕ್ಟಿಕಾಕ್ಕೆ ಹೋಗುವವರ ಬಟ್ಟೆ, ಚೀಲ ಎಲ್ಲ ಝಾಡಿಸಿ ಎಣಿಸಿದರು. ಬೀಜ ಹೊತ್ತು ಬಂದಿದ್ದ ಒಬ್ಬೊಬ್ಬರ ಬಳಿ ಸರಾಸರಿ 9.5 ಬೀಜ.

ಮಾರನೆಯ ದಿನ ಸೌತ್ ಜಾರ್ಜಿಯಾ ದ್ವೀಪಕ್ಕೆ ಇಳಿದೆವು. ರಬ್ಬರ್ ದೋಣಿ ಹತ್ತುವ ಮುಂಚೆ ಔಷಧಿ ನೀರಿನ ತೊಟ್ಟಿಯಲ್ಲಿ ಬೂಟು ಅದ್ದಿ ಉಜ್ಜಬೇಕು. ವಾಪಸ್ ಬಂದಾಗ ಮತ್ತೆ ಉಜ್ಜಬೇಕು. ನಮ್ಮ ತೋಟಗಳಲ್ಲಿ ಹಾಕುತ್ತಾರಲ್ಲ, ಅಂಥದೇ ಮೊಣಕಾಲುದ್ದದ ಗಮ್‌ಬೂಟು.

ಸೇಂಟ್ ಆಂಡ್ರೂಸ್ ಬೇ ಎಂಬ ಕಡಲ ತೀರ. ಅಲ್ಲಿ ಸುಮಾರು 1,50,000 ಜೋಡಿ ಕಿಂಗ್ ಪೆಂಗ್ವಿನ್‌ಗಳು. ದೋಣಿ ಇನ್ನೂ ದೂರ ಇರುವಾಗಲೇ ಸದ್ದು, ಆಮೇಲೆ ವಾಸನೆ. ಗೂಡು ಕಟ್ಟುವುದಿಲ್ಲ ಅವು. ಒಂದೇ ಮೊಟ್ಟೆ, ಅದನ್ನು ಪಾದದ ಮೇಲೆ ಇಟ್ಟುಕೊಂಡು ಹೊಟ್ಟೆಯ ಮಡಿಕೆಯಿಂದ ಮುಚ್ಚಿಕೊಂಡು ನಿಲ್ಲುತ್ತವೆ. ಒಂದು ಮರಿ ದೊಡ್ಡದಾಗುವುದಕ್ಕೆ ವರ್ಷದ ಮೇಲೆ ಬೇಕು. ಮರಿಗಳಿಗೆ ಕಂದು ಬಣ್ಣದ ದಪ್ಪ ತುಪ್ಪಳ, ಕರಡಿ ಮರಿಯ ಹಾಗೆ. ನಾನು ಜಲ್ಲಿಯ ಮೇಲೆ ಸುಮ್ನೆ ಕೂತಿದ್ದೆ. ನಾವು ಹತ್ತಿರ ಹೋಗಬಾರದು, ಆದರೆ ಅವು ಬಂದರೆ ಅವುಗಳ ಇಷ್ಟ. ಒಂದು ಮರಿ ನಡೆದು ಬಂತು. ನನ್ನ ಬೂಟಿನ ಮುಂದೆ ನಿಂತು ತಲೆ ಓರೆ ಮಾಡಿ ನೋಡಿತು. ಬಗ್ಗಿ ಬೂಟಿನ ಮೂತಿಯನ್ನು ಎರಡು ಸಲ ಕುಕ್ಕಿತು. ಅರ್ಧ ಗಂಟೆ ಮುಂಚೆ ಆ ಜಾಗವನ್ನು ನಾನು ಬ್ರಷ್ಷಿನಲ್ಲಿ ಉಜ್ಜಿದ್ದೆ. ಅವತ್ತು ನನಗೆ ಆದಷ್ಟು ಸಮಾಧಾನ ಯಾವತ್ತೂ ಆಗಿಲ್ಲ.

ಈಗ ಹಾಗೆ ಕೂರುವ ಹಾಗೂ ಇಲ್ಲ. 2023ರಲ್ಲಿ ಹಕ್ಕಿಜ್ವರ ಆ ದ್ವೀಪಕ್ಕೂ ಬಂತು. ಅದು ಹಕ್ಕಿಗಳ ಜೊತೆಯೇ ಬಂದದ್ದು. ಆದರೆ ಅದನ್ನು ಒಂದು ತೀರದಿಂದ ಇನ್ನೊಂದು ತೀರಕ್ಕೆ ನಮ್ಮ ಬೂಟು ಒಯ್ಯಬಾರದು. ಅದಕ್ಕೇ ನೆಲಕ್ಕೆ ಅಂಗಾಲು ಬಿಟ್ಟು ಬೇರೇನೂ ತಾಗಿಸಬಾರದು ಎಂದು ನಿಯಮ ಬಿಗಿ ಮಾಡಿದ್ದಾರೆ. ಕೂರುವಂತಿಲ್ಲ, ಚೀಲವನ್ನೂ ಇಡುವಂತಿಲ್ಲ. ಸರಿಯಾಗಿಯೇ ಮಾಡಿದ್ದಾರೆ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ ಆ ದ್ವೀಪ ಒಮ್ಮೆ ಪೆಟ್ಟು ತಿಂದಿದೆ. ಸೀಲ್ ಮತ್ತು ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ಇಲಿಗಳು ಬಂದವು. ಅಲ್ಲಿಯ ಹಕ್ಕಿಗಳು ನೆಲದಲ್ಲೇ ಮೊಟ್ಟೆ ಇಡುತ್ತವೆ, ಮರ ಎಲ್ಲಿದೆ? ಇಲಿಗಳು ಮೊಟ್ಟೆ ತಿಂದವು, ಮರಿಗಳನ್ನು ತಿಂದವು. ಸೌತ್ ಜಾರ್ಜಿಯಾ ಪಿಪಿಟ್ ಎಂಬ ಪುಟ್ಟ ಹಾಡುಹಕ್ಕಿ, ಜಗತ್ತಿನಲ್ಲಿ ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅದು ಇಲಿ ಇಲ್ಲದ ಸಣ್ಣ ಸಣ್ಣ ನಡುಗಡ್ಡೆಗಳಲ್ಲಿ ಉಳಿದುಕೊಂಡಿತ್ತು. 2011ರಿಂದ 2015ರವರೆಗೆ ಹೆಲಿಕಾಪ್ಟರ್‌ನಿಂದ ಇಲಿ ಪಾಷಾಣ ಸುರಿದರು. ಆಮೇಲೆ ನಾಯಿಗಳನ್ನು ಕರೆದುಕೊಂಡು ದ್ವೀಪವೆಲ್ಲ ಮೂಸಿಸಿದರು. 2018ರಲ್ಲಿ ಇಲಿ ಇಲ್ಲ ಎಂದು ಘೋಷಿಸಿದರು. ನಾನು ಆ ಪಿಪಿಟ್ ಹಕ್ಕಿಯ ದನಿ ಕೇಳಿದೆ. ಗಿರ್ರ್ ಎಂದು ಮೇಲಕ್ಕೆ ಹಾರಿ ಹಾಡುತ್ತಾ ಇಳಿಯುತ್ತದೆ, ನಮ್ಮ ಹೊಲದ ನೆಲಗುಬ್ಬಿಯ ಹಾಗೆ. ನೋಡಿ, ಬರುವಾಗ ಪುಕ್ಕಟೆ ಬಂದ ಇಲಿಯನ್ನು ಕಳಿಸುವುದಕ್ಕೆ ಎಷ್ಟು ವರ್ಷ!

ನಮ್ಮಲ್ಲಿ ಆಗಿಲ್ವಾ ಇದು? ಕಾಂಗ್ರೆಸ್ ಗಿಡ ಎಲ್ಲಿಂದ ಬಂತು? ಅಮೆರಿಕದ ಗಿಡ ಅದು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿತು. ಈಗ ಹಾಸನದ ಯಾವ ಬಸ್ ಸ್ಟಾಪಿನ ಹಿಂದೆ ಇಲ್ಲ ಹೇಳಿ. ಕಾಫಿ ಬೆಳೆಗಾರರಿಗೆ ನಾನು ಹೇಳಬೇಕಾಗಿಯೇ ಇಲ್ಲ. ಕಾಫಿ ಹಣ್ಣು ಕೊರೆಯುವ ಹುಳು ಬೆರಿ ಬೋರರ್ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಂಡಿತು. ಗೋಣಿಚೀಲ ಝಾಡಿಸದೆ ತಂದರೆ ಏನಾಗುತ್ತದೆ ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ.

ಹಾಗಾಗಿ ಗಿರಿ ಹತ್ತುವ ಹುಡುಗರಿಗೆ ಹೇಳುತ್ತೇನೆ. ಕಾರು ನಿಲ್ಲಿಸಿದ ಜಾಗದಲ್ಲೇ ಬೂಟು ತೊಳೆಯಿರಿ. ಬಾಬಾ ಬುಡನ್‌ಗಿರಿಯ ಹುಲ್ಲುಗಾವಲೂ ಒಂದು ದ್ವೀಪವೇ. ಕೆಳಗೆ ಬಯಲು, ಮೇಲೆ ಹುಲ್ಲು, ಕಣಿವೆಯಲ್ಲಿ ಶೋಲೆ ಕಾಡು. ಕೆಳಗಿನ ಲಂಟಾನ, ಕೆಳಗಿನ ಕಾಂಗ್ರೆಸ್ ಗಿಡ ಅಲ್ಲಿಗೆ ಹೋಗಬಾರದು. ಟ್ರೆಕ್ಕಿಂಗ್‌ಗೆ ನೀರಿನ ಬಾಟಲಿ, ಚಿಪ್ಸು, ಚಾರ್ಜರು ಎಲ್ಲ ನೆನಪಿರುತ್ತದೆ, ಒಂದು ಬ್ರಷ್ಷು ನೆನಪಿರುವುದಿಲ್ಲ ಅಂದರೆ ನನಗೆ ಬೇಜಾರಾಗುತ್ತದೆ.

ಎರಡು ನಿಮಿಷ ಎಂದು ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಆಲ್ಬಟ್ರಾಸ್ ಎಂಬ ಕಡಲ ಹಕ್ಕಿಯ ಬಗ್ಗೆ ಹೇಳಬೇಕಿತ್ತು. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಮೂರು ಮೀಟರ್ ದಾಟುತ್ತದೆ, ಗಂಟೆಗಟ್ಟಲೆ ರೆಕ್ಕೆ ಬಡಿಯದೆ ಹಡಗಿನ ಹಿಂದೆ ತೇಲುತ್ತದೆ. ದಕ್ಷಿಣ ಅಮೆರಿಕಕ್ಕೂ ಅಂಟಾರ್ಕ್ಟಿಕಾಕ್ಕೂ ನಡುವಿನ ಡ್ರೇಕ್ ಜಲಸಂಧಿಯ ಅಲೆಗಳಲ್ಲಿ ಎರಡು ದಿನ ನನ್ನ ಮಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಅಂಟಾರ್ಕ್ಟಿಕಾದಲ್ಲಿ ಒಂದು ಜಾಗಕ್ಕೆ ಒಂದು ಸಲಕ್ಕೆ ನೂರು ಜನರಿಗಿಂತ ಜಾಸ್ತಿ ಇಳಿಯುವಂತಿಲ್ಲ. ನಮ್ಮ ದೇಶದ ಮೈತ್ರಿ, ಭಾರತಿ ಸಂಶೋಧನಾ ಕೇಂದ್ರಗಳು ಅದೇ ಖಂಡದ ಇನ್ನೊಂದು ಬದಿಯಲ್ಲಿವೆ, ಅಲ್ಲಿಗೆ ಈ ಹಡಗು ಹೋಗುವುದಿಲ್ಲ. ನಾನು ನೋಡಬೇಕೆಂದಿದ್ದ ಹುಲ್ಲು ಕೊನೆಗೂ ಸಿಕ್ಕಿತು. ಬಂಡೆಯ ಸಂದಿಯಲ್ಲಿ ಒಂದು ಮುಷ್ಟಿಯಷ್ಟು. ಹಗ್ಗದ ಆಚೆ ನಿಂತು ನೋಡಿದೆ, ಕಣ್ಣಲ್ಲಿ ನೀರು ಬಂತು.

ಬರುವ ಭಾನುವಾರ ನಾವು ಕೆಲವರು ನಿವೃತ್ತ ಅಧ್ಯಾಪಕರು ವಿದ್ಯಾರ್ಥಿಗಳನ್ನು ಬಾಬಾ ಬುಡನ್‌ಗಿರಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಬಸ್ಸು ಹೊರಡುವುದು ಬೆಳಿಗ್ಗೆ ಆರಕ್ಕೆ, ಆದರೆ ಹೆಸರು ಕೊಟ್ಟಿರುವವರು ಐದೂವರೆಗೇ ಬನ್ನಿ. ಬಕೆಟ್ಟು, ನೀರು ನಾನು ತರುತ್ತೇನೆ. ಮನೆಯಲ್ಲಿ ಹಲ್ಲುಜ್ಜುವ ಹಳೆಯ ಬ್ರಷ್ ಇದ್ದರೆ ತನ್ನಿ, ಬೂಟಿನ ಅಟ್ಟೆಯ ಸಂದಿಗೆ ಅದೇ ಸರಿ. ವೆಲ್ಕ್ರೋ ಇರುವ ಚೀಲ ತಂದವರು ಮೊದಲು ನನ್ನ ಹತ್ತಿರ ಬನ್ನಿ, ಚಿಮಟ ನನ್ನ ಕೈಯಲ್ಲಿರುತ್ತದೆ.

ನಮಸ್ಕಾರ.