ಹಳೆಯ ಮಾಡ್ಯೂಲ್, ಹೊಸ ಕರ್ನಲ್

ಕೇಳುಗರಿಗೆ ನಮಸ್ಕಾರ.

ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಸ್ಥಿರ ಆವೃತ್ತಿಗೆ ಭದ್ರತಾ ತಿದ್ದುಪಡಿ ಬಂತು, ಯಂತ್ರವನ್ನು ರೀಬೂಟ್ ಮಾಡಿದ್ದಾಯಿತು ಎನ್ನಿ. ಹಿಂದೆಂದೋ ಕಂಪೈಲ್ ಆದ ನೆಟ್‌ವರ್ಕ್ ಡ್ರೈವರ್ ಹಾಗೆಯೇ ಲೋಡ್ ಆಗಿ, ಹಾಗೆಯೇ ಕೆಲಸ ಮಾಡಬೇಕು. ಬೈನರಿ ಹೊಂದಾಣಿಕೆ ಎಂದರೆ ಇಷ್ಟೇ. ಲಿನಕ್ಸ್‌ನ ಮೂಲ ಯೋಜನೆ ಈ ಭರವಸೆಯನ್ನು ಸಿಸ್ಟಂ ಕಾಲ್ (ಕರ್ನಲ್‌ಗೆ ಸಲ್ಲಿಸುವ ಕೋರಿಕೆ) ಬಳಸುವ ಪ್ರೋಗ್ರಾಂಗಳಿಗೆ ಕೊಡುತ್ತದೆ, ಆ ಡ್ರೈವರ್‌ನಂತೆ ಕರ್ನಲ್‌ನೊಳಗೆ ಕೂರುವ ಮಾಡ್ಯೂಲ್‌ಗಳಿಗೆ ಕೊಡುವುದಿಲ್ಲ. ಮಾಡ್ಯೂಲ್‌ಗಳ ಹೊಣೆ ಹೊರುವವರು ಬೇರೆ: ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ತಾನು ಪಟ್ಟಿ ಮಾಡಿದ ಸಿಂಬಲ್‌ಗಳಿಗೆ (ಮಾಡ್ಯೂಲ್‌ಗಳು ಬಳಸುವ ಫಂಕ್ಷನ್, ವೇರಿಯೇಬಲ್‌ಗಳ ಹೆಸರುಗಳಿಗೆ), ಆಂಡ್ರಾಯ್ಡ್ ತನ್ನ ಜಿಕೆಐ ಎಂಬ ಸಾಮಾನ್ಯ ಕರ್ನಲ್‌ಗಳಿಗೆ, ಫ್ರೀಬಿಎಸ್‌ಡಿ ತನ್ನ ಸ್ಟೇಬಲ್ ಶಾಖೆಗಳಿಗೆ.

ಕೆಡುವುದು ಎಲ್ಲಿ ಎಂದು ಒಂದು ಸಣ್ಣ ಸ್ಟ್ರಕ್ಚರ್‌ನಲ್ಲೇ, ಅಂದರೆ ಮೆಮೊರಿಯಲ್ಲಿ ಸಾಲಾಗಿ ಕೂರುವ ಫೀಲ್ಡ್‌ಗಳ ಗುಂಪಿನಲ್ಲೇ, ನೋಡೋಣ. 64 ಬಿಟ್ ಯಂತ್ರ. ಮೊದಲು 4 ಬೈಟ್‌ನ ಒಂದು ಪೂರ್ಣಾಂಕ, ಆಮೇಲೆ 8 ಬೈಟ್‌ನ ಪಾಯಿಂಟರ್, ಅಂದರೆ ಮೆಮೊರಿ ವಿಳಾಸ. ಪಾಯಿಂಟರ್ 8ರ ಗುಣಕದಲ್ಲೇ ಶುರುವಾಗಬೇಕಾದ್ದರಿಂದ ನಡುವೆ 4 ಬೈಟ್ ಖಾಲಿ ಉಳಿಯುತ್ತದೆ. ಈಗ ತಿದ್ದುಪಡಿಯವರು ಇವೆರಡರ ಮಧ್ಯೆ ಹೊಸ ಪಾಯಿಂಟರ್ ಒಂದನ್ನು ತೂರಿಸಿದರು. ಹಳೆಯ ಪಾಯಿಂಟರ್ 8ನೇ ಸ್ಥಾನದಿಂದ 16ಕ್ಕೆ ಸರಿಯಿತು. ಡ್ರೈವರ್‌ಗೆ ಹೆಸರುಗಳ ಪರಿವೆ ಇಲ್ಲ. 8ನೇ ಸ್ಥಾನದಿಂದ ಓದು ಎಂಬ ಆದೇಶ ಅದರ ಯಂತ್ರಭಾಷೆಯಲ್ಲಿ ಅಚ್ಚಾಗಿಬಿಟ್ಟಿದೆ. ಅದು ತಪ್ಪು ಪಾಯಿಂಟರ್ ಹಿಡಿದು ಬರೆಯುತ್ತದೆ, ಯಾರದೋ ಮೆಮೊರಿ ಹಾಳಾಗುತ್ತದೆ, ಎಷ್ಟೋ ಹೊತ್ತಿನ ಮೇಲೆ ಸಂಬಂಧವೇ ಇಲ್ಲದ ಜಾಗದಲ್ಲಿ ಕರ್ನಲ್ ಪ್ಯಾನಿಕ್ ಆಗಿ ಯಂತ್ರ ನಿಲ್ಲುತ್ತದೆ. ಹುಡುಕುವವರ ಪಾಡು ಕಷ್ಟ.

ಹೊಸದಾಗಿ ಬೇಕಾದದ್ದು 4 ಬೈಟ್ ಮಾತ್ರವಾದರೆ ಆ ಖಾಲಿ ಜಾಗವೇ ಸಾಕು. ಅಂಥ ಜಾಗಗಳನ್ನು ಪಾಹೋಲ್ ಎಂಬ ಉಪಕರಣ ತೋರಿಸಿಕೊಡುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ, ಮೊದಲ ಬಿಡುಗಡೆಯಲ್ಲೇ ಮುಂದಾಲೋಚನೆಯಿಂದ ಕಾದಿರಿಸಿದ ಬಿಡಿ ಫೀಲ್ಡ್‌ಗಳನ್ನು ಬಳಸಬೇಕು. ಇಲ್ಲೊಂದು ಎಚ್ಚರ: ಆ ಸ್ಟ್ರಕ್ಚರ್‌ಗೆ ಮೆಮೊರಿ ಪಡೆಯುವ ಹಳೆಯ ಮಾಡ್ಯೂಲ್ ಅದನ್ನು ಸೊನ್ನೆ ಮಾಡಿರದಿದ್ದರೆ ಫೀಲ್ಡ್‌ನಲ್ಲಿ ಕಸ ಇರುತ್ತದೆ. ಸೊನ್ನೆ ಆಗಿರುತ್ತದೆ ಎಂಬ ಖಾತ್ರಿ ಇದ್ದಲ್ಲಿ ಮಾತ್ರ, ಸೊನ್ನೆ ಎಂದರೆ ಹಳೆಯ ನಡವಳಿಕೆ ಎಂದು ಅರ್ಥ ಕೊಡಬಹುದು.

ಕೊನೆಗೆ ಸೇರಿಸಿದರೆ ತೊಂದರೆ ಇಲ್ಲ ಎಂದು ಹಲವರು ನಂಬುತ್ತಾರೆ. ಕರ್ನಲ್ ತಾನೇ ಹಂಚಿಕೊಟ್ಟು, ಮಾಡ್ಯೂಲ್ ಬರೀ ಪಾಯಿಂಟರ್ ಮೂಲಕ ಮುಟ್ಟುವ ಸ್ಟ್ರಕ್ಚರ್‌ಗೆ ಆ ಮಾತು ನಿಜ. ಮಾಡ್ಯೂಲ್ ತಾನೇ ಘೋಷಿಸುವ ಫಂಕ್ಷನ್ ಪಾಯಿಂಟರ್‌ಗಳ ಕೋಷ್ಟಕಕ್ಕೆ ಸುಳ್ಳು. ಅಲ್ಲಿ ಹಳೆಯ ಕೋಷ್ಟಕ ಗಿಡ್ಡ. ಹೊಸ ಕರ್ನಲ್ ಅದರ ತುದಿ ದಾಟಿ ಓದಿ, ಸಿಕ್ಕ ಕಸವನ್ನೇ ವಿಳಾಸವೆಂದು ಹಾರುತ್ತದೆ.

ಫಂಕ್ಷನ್‌ಗೆ ಹೊಸ ಆರ್ಗ್ಯುಮೆಂಟ್ ಬೇಕಾದರೆ ಹೊಸ ಹೆಸರಿನ ಫಂಕ್ಷನ್ ಬರೆದು, ಹಳೆಯದರಿಂದ ಅದನ್ನು ಕರೆಯಿಸಿ. ಈನಮ್‌ನ, ಅಂದರೆ ಕ್ರಮವಾಗಿ ಸಂಖ್ಯೆ ಪಡೆಯುವ ಹೆಸರುಗಳ ಪಟ್ಟಿಯ, ಮಧ್ಯೆ ಹೊಸ ಮೌಲ್ಯ ಬೇಡ; ಮುಂದಿನವುಗಳ ಸಂಖ್ಯೆ ಬದಲಾಗುತ್ತದೆ. ಇನ್‌ಲೈನ್ ಫಂಕ್ಷನ್ ವಿಷಯ ಇನ್ನೂ ನಾಜೂಕು: ಅದರ ಕೋಡ್ ಮಾಡ್ಯೂಲ್‌ನ ಒಳಗೇ ನಕಲಾಗಿರುವುದರಿಂದ, ಕರ್ನಲ್‌ನಲ್ಲಿ ಎಷ್ಟು ತಿದ್ದಿದರೂ ಹಳೆಯ ಮಾಡ್ಯೂಲ್‌ಗೆ ಆ ಭದ್ರತೆ ತಲುಪುವುದೇ ಇಲ್ಲ.

ಲಿನಕ್ಸ್‌ನಲ್ಲಿ ಮಾಡ್‌ವರ್ಷನ್ಸ್ ಆಯ್ಕೆ ಚಾಲೂ ಇದ್ದರೆ, ಪ್ರತಿ ಸಿಂಬಲ್‌ನ ಟೈಪ್ ವಿವರದಿಂದ ಒಂದು ಸಿಆರ್‌ಸಿ ಮೊತ್ತ (ಪರಿಶೀಲನಾ ಸಂಖ್ಯೆ) ಲೆಕ್ಕವಾಗುತ್ತದೆ. ಮಾಡ್ಯೂಲ್‌ನಲ್ಲಿರುವ ಮೊತ್ತ ಕರ್ನಲ್‌ನದಕ್ಕೆ ಹೊಂದದಿದ್ದರೆ ಮಾಡ್ಯೂಲ್ ಲೋಡ್ ಆಗುವುದಿಲ್ಲ. ಆದರೆ ಖಾಲಿ ಜಾಗ ತುಂಬಿದರೂ ಈ ಮೊತ್ತ ಬದಲಾಗುತ್ತದೆ, ಏಕೆಂದರೆ ಅದು ಬೈಟ್ ಅಳೆಯುವುದಿಲ್ಲ, ಘೋಷಣೆಯ ಪಠ್ಯ ಓದುತ್ತದೆ. ಹಾಗಾಗಿ ಹೊಸ ಫೀಲ್ಡನ್ನು, ಈ ಮೊತ್ತ ಲೆಕ್ಕಹಾಕುವ ಜೆನ್‌ಕೆಸಿಮ್ಸ್ ಎಂಬ ಉಪಕರಣದ ಕಣ್ಣಿಗೆ ಬೀಳದಂತೆ ಮ್ಯಾಕ್ರೋ ಹಾಕಿ ಮರೆಮಾಡುತ್ತಾರೆ. ಹೀಗೆ ಕಾವಲುಗಾರನ ಕಣ್ಣು ಕಟ್ಟಿದ ಮೇಲೆ ಕಾವಲು ನಮ್ಮದೇ. ಸ್ಟ್ರಕ್ಚರ್‌ನ ಗಾತ್ರ, ಪ್ರತಿ ಹಳೆಯ ಫೀಲ್ಡ್‌ನ ಸ್ಥಾನ ಎರಡನ್ನೂ ಕಂಪೈಲ್ ಹಂತದಲ್ಲೇ ಸ್ಟ್ಯಾಟಿಕ್ ಅಸರ್ಟ್‌ನಿಂದ ಪರೀಕ್ಷಿಸದೆ ಇಂಥ ತಿದ್ದುಪಡಿಯನ್ನು ಒಪ್ಪಲೇಬಾರದು.

ಪ್ರತಿ ತಿದ್ದುಪಡಿಯಾದ ಮೇಲೂ ಮೊದಲ ಬಿಡುಗಡೆಯ ಕರ್ನಲ್ ಜೊತೆ ಹೊಸದನ್ನು ಅಬಿಡಿಫ್ ಎಂಬ ಉಪಕರಣದಿಂದ ಹೋಲಿಸಿ. ನಂತರ ಮೊದಲ ಬಿಡುಗಡೆಯಂದು ಕಂಪೈಲ್ ಮಾಡಿ ತೆಗೆದಿಟ್ಟ ಮಾಡ್ಯೂಲನ್ನೇ ಹೊಸ ಕರ್ನಲ್‌ನಲ್ಲಿ ಲೋಡ್ ಮಾಡಿ, ಅದರ ಮೇಲೆ ಭಾರ ಹಾಕಿ ನೋಡಿ. ಆ ಮಾಡ್ಯೂಲನ್ನು ಮತ್ತೆ ಕಂಪೈಲ್ ಮಾಡಬೇಡಿ. ಮಾಡಿದರೆ ಅದು ಹೊಸ ಹೆಡರ್‌ಗಳಿಗೆ (ಘೋಷಣೆಗಳಿರುವ ಕಡತಗಳಿಗೆ) ತಕ್ಕಂತೆ ಸಿದ್ಧವಾಗುತ್ತದೆ, ಪರೀಕ್ಷೆ ಪಾಸಾಗುತ್ತದೆ, ಒಡಕು ಹಾಗೇ ಉಳಿಯುತ್ತದೆ.